ಉಳಿದುಹೋದ ಗ್ರೋ ಲೈಟ್ ಡ್ರೈವರ್: ಯಾವುದನ್ನು ಯಾವ ಕೆಲಸಕ್ಕೆ ಹಚ್ಚಬಹುದು?

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿ ಇತ್ತು. ಅದರೊಳಗೆ ಐದು ಎಲ್‌ಇಡಿ ಡ್ರೈವರ್, ಅಂದರೆ ಗೋಡೆಯ ಕರೆಂಟನ್ನು ಎಲ್‌ಇಡಿಗೆ ಒಗ್ಗುವಂತೆ ಬದಲಿಸಿ ಕೊಡುವ ಪೆಟ್ಟಿಗೆಗಳು. ತಾರಸಿಯ ಚಿಕ್ಕ ಕೋಣೆಯಲ್ಲಿ ಗ್ರೋ ಲೈಟ್, ಅಂದರೆ ಗಿಡಕ್ಕೆ ಬಿಸಿಲಿನ ಬದಲು ಬೆಳಕು ಕೊಡುವ ದೀಪ, ಹಚ್ಚಿ ಮೈಕ್ರೋಗ್ರೀನ್ಸ್ (ಎಳೆ ಸೊಪ್ಪು) ಬೆಳೆಯುತ್ತಿದ್ದ ಕಾಲದವು ಅವು. ಕೆಲವು ಪ್ಯಾನಲ್ ಸುಟ್ಟವು, ಕೆಲವನ್ನು ಬದಲಾಯಿಸಿದೆ, ಕೊನೆಗೆ ಆ ಬೇಸಾಯವನ್ನೇ ನಿಲ್ಲಿಸಿದೆ. ಡ್ರೈವರ್‌ಗಳು ಮಾತ್ರ ಉಳಿದವು. ಒಳ್ಳೆಯದೊಂದು ಡ್ರೈವರ್‌ಗೆ ಸಾವಿರಾರು ರೂಪಾಯಿ ಆಗುತ್ತದೆ. ಹಾಗಾಗಿ ಸುಮ್ನೆ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಡಬ್ಬಿ ನೋಡಿದವರೆಲ್ಲ ಕೇಳಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಇದು ಎಷ್ಟು ವ್ಯಾಟ್?’ 240 ವ್ಯಾಟ್ ಅಂದ ಕೂಡಲೇ ಇನ್ವರ್ಟರ್ ಬ್ಯಾಟರಿ, ಸ್ಟ್ರಿಪ್ ಲೈಟ್, ಮೀನಿನ ತೊಟ್ಟಿ, ಕೊಟ್ಟಿಗೆಯ ದೀಪ ಎಲ್ಲವೂ ನೆನಪಾಗುತ್ತವೆ. ಆದರೆ ವ್ಯಾಟ್ ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಎರಡು ವಿಷಯ ಗೊತ್ತಾಗಬೇಕು. ಈ ಡ್ರೈವರ್ ಹಿಡಿದಿಡುವುದು ಕರೆಂಟನ್ನೋ, ವೋಲ್ಟೇಜನ್ನೋ? ಇದರ ಔಟ್‌ಪುಟ್ ತಂತಿಗೂ ಗೋಡೆಯ 230 ವೋಲ್ಟಿಗೂ ಒಳಗೊಳಗೇ ನಂಟು ಇದೆಯೋ, ಇಲ್ಲವೋ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಕೆಲಸಕ್ಕೆ ಅನ್ನುವುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

ಲೇಬಲ್ ಏನು ಹೇಳುತ್ತದೆ

ಲೇಬಲ್ ಮೇಲೆ ‘24 ವೋಲ್ಟ್, 4 ಆಂಪಿಯರ್’ ಎಂದು ಒಂದೇ ವೋಲ್ಟೇಜ್ ಬರೆದಿದ್ದರೆ ಅದು ಸ್ಥಿರ ವೋಲ್ಟೇಜಿನ ಡ್ರೈವರ್, ಅಂಗಡಿಯವರ ಮಾತಿನಲ್ಲಿ ಸಿವಿ. ‘59–119 ವೋಲ್ಟ್, 2100 ಮಿಲಿಆಂಪಿಯರ್’ ಎಂದು ವೋಲ್ಟೇಜಿಗೆ ಎರಡು ಅಂಕಿ, ಕರೆಂಟಿಗೆ ಒಂದೇ ಅಂಕಿ ಇದ್ದರೆ ಅದು ಸ್ಥಿರ ಕರೆಂಟಿನದು, ಅಂದರೆ ಸಿಸಿ. ಗ್ರೋ ಲೈಟ್‌ಗಳಲ್ಲಿ ಸಿಸಿ ಡ್ರೈವರ್ ತುಂಬ ಸಾಮಾನ್ಯ.

ಸಿವಿ ಡ್ರೈವರ್ ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ಒತ್ತಡ ಯಾವಾಗಲೂ ಒಂದೇ. ನಲ್ಲಿ ಎಷ್ಟು ತಿರುಗಿಸುತ್ತೀರೋ ಅಷ್ಟು ನೀರು. ಸಿಸಿ ಡ್ರೈವರ್ ಹಾಗಲ್ಲ. ನಿಮಿಷಕ್ಕೆ ಇಷ್ಟು ಬಿಂದಿಗೆ ತುಂಬಿಸಿಯೇ ತೀರುತ್ತೇನೆ ಎಂದು ಹಠ ಹಿಡಿದ ಪಂಪ್ ಅದು. ಪೈಪು ಸಣ್ಣದಿದ್ದರೆ ಒತ್ತಡ ಏರಿಸುತ್ತದೆ, ತನ್ನ ಮಿತಿ ಮುಟ್ಟುವ ತನಕ ಏರಿಸುತ್ತಲೇ ಹೋಗುತ್ತದೆ. ಎಲ್‌ಇಡಿಗೆ ಬೇಕಾಗಿರುವುದು ಇದೇ ಹಠ. ಎಲ್‌ಇಡಿಯ ವೋಲ್ಟೇಜ್ ಸ್ವಲ್ಪವೇ ಏರಿದರೂ ಕರೆಂಟ್ ಜಿಗಿಯುತ್ತದೆ. ಬಿಸಿಯಾದಷ್ಟೂ ಅದಕ್ಕೆ ಬೇಕಾಗುವ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜನ್ನು ಹಾಗೇ ಹಿಡಿದಿಟ್ಟರೆ ಕರೆಂಟ್ ಏರಿ, ಇನ್ನೂ ಬಿಸಿಯಾಗಿ, ಮತ್ತಷ್ಟು ಕರೆಂಟ್ ಎಳೆದು ಕೊನೆಗೆ ಸುಟ್ಟೇ ಹೋಗುತ್ತದೆ.

ಸ್ಟ್ರಿಪ್ ಲೈಟ್‌ನ ಕತೆ ಬೇರೆ. ಅದರ ಪ್ರತಿ ತುಂಡಿನಲ್ಲೂ ಕರೆಂಟ್ ತಡೆಯುವ ರೆಸಿಸ್ಟರ್ ಇರುತ್ತದೆ. ಆದ್ದರಿಂದ ಅದಕ್ಕೆ ಸ್ಥಿರ ವೋಲ್ಟೇಜ್ ಸಾಕು, ಸಿಸಿ ಡ್ರೈವರ್ ಕೊಡಲೇಬಾರದು. ನಾನು ಒಮ್ಮೆ ಒಂದು ಮೀಟರ್‌ನ 12 ವೋಲ್ಟ್ ಸ್ಟ್ರಿಪ್‌ಗೆ 600 ಮಿಲಿಆಂಪಿಯರ್‌ನ ಸಿಸಿ ಡ್ರೈವರ್ ಕೊಟ್ಟಿದ್ದೆ. ಕ್ಷಣ ಹೊತ್ತು ಕಣ್ಣು ಕುಕ್ಕುವಂತೆ ಬೆಳಗಿ ಆರಿಹೋಯಿತು. ಪ್ಲಾಸ್ಟಿಕ್ ಕರಕಲಾದ ವಾಸನೆ ಸಂಜೆಯ ತನಕ ಕೋಣೆಯಲ್ಲಿತ್ತು. ಆ ಸ್ಟ್ರಿಪ್ ಪರದೆಯ ಪಕ್ಕದಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಮಧ್ಯದ ಜಾತಿಯೂ ಒಂದಿದೆ. ನನ್ನ ಡಬ್ಬಿಯಲ್ಲಿದ್ದ ಮೀನ್ ವೆಲ್ ಕಂಪನಿಯ ಎಚ್‌ಎಲ್‌ಜಿ-100ಎಚ್-24ಎ ಅಂಥದ್ದು. 24 ವೋಲ್ಟ್, 4 ಆಂಪಿಯರ್, ಒಟ್ಟು 96 ವ್ಯಾಟ್. ಇದು ಸಾಮಾನ್ಯವಾಗಿ 24 ವೋಲ್ಟ್ ಕೊಡುತ್ತದೆ. ಲೋಡ್ ಹೆಚ್ಚಾದರೆ ಕರೆಂಟನ್ನು ಮಿತಿಯಲ್ಲಿ ಹಿಡಿದು ವೋಲ್ಟೇಜನ್ನು 12ರವರೆಗೆ ಇಳಿಸಿಕೊಳ್ಳುತ್ತದೆ. ಹೆಸರಿನ ಕೊನೆಯಲ್ಲಿ ‘ಎ’ ಇದ್ದರೆ ರಬ್ಬರ್ ಮುಚ್ಚಳದ ಕೆಳಗೆ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿ ವೋಲ್ಟೇಜ್, ಕರೆಂಟ್ ಎರಡನ್ನೂ ಸ್ವಲ್ಪ ಹೊಂದಿಸಬಹುದು. ‘ಬಿ’ ಇದ್ದರೆ ಬೆಳಕು ಕಡಿಮೆ ಮಾಡುವ ಎರಡು ಪ್ರತ್ಯೇಕ ತಂತಿ ಹೊರಗೆ ಬಂದಿರುತ್ತವೆ. ಮತ್ತೆ ಬಳಸಲು ಇಷ್ಟು ಅನುಕೂಲದ ಡ್ರೈವರ್ ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ.

ಶಾಕ್ ಹೊಡೆಯುವ ಡ್ರೈವರ್ ಯಾವುದು

ಈ ಭಾಗವನ್ನು ನಿಧಾನವಾಗಿ ಓದಿ. ಜೀವದ ಪ್ರಶ್ನೆ ಇರುವುದು ಇಲ್ಲಿ.

ಒಳ್ಳೆಯ ಡ್ರೈವರ್‌ನ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಗೋಡೆಯ ಕರೆಂಟ್ ಒಂದು ಕಡೆ, ಎಲ್‌ಇಡಿಯ ಕರೆಂಟ್ ಇನ್ನೊಂದು ಕಡೆ. ನಡುವೆ ತಂತಿಯ ಸಂಪರ್ಕ ಇಲ್ಲ. ಇಂಥದ್ದಕ್ಕೆ ಐಸೊಲೇಟೆಡ್ ಅನ್ನುತ್ತಾರೆ. ಅಗ್ಗದ ಪ್ಯಾನಲ್‌ಗಳ ಡ್ರೈವರ್‌ಗಳಲ್ಲಿ ಬಹಳಷ್ಟು ಸಲ ಒಂದು ಸುರುಳಿ ಮಾತ್ರ ಇರುತ್ತದೆ. ಅದರ ಔಟ್‌ಪುಟ್ ತಂತಿ ಒಳಗಿನಿಂದ ನೇರವಾಗಿ ಮೇನ್ಸ್‌ಗೆ, ಅಂದರೆ ಗೋಡೆಯ ಕರೆಂಟಿಗೆ, ಸೇರಿರುತ್ತದೆ. ಲೇಬಲ್ ಮೇಲೆ 60 ವೋಲ್ಟ್ ಎಂದಿದ್ದರೂ ಆ ತಂತಿ ಮುಟ್ಟಿದರೆ ನಿಮ್ಮ ಮೈಗೆ ತಗಲುವುದು 230 ವೋಲ್ಟಿನ ಫೇಸ್. ಮೂಲ ಪ್ಯಾನಲ್‌ನಲ್ಲಿ ಎಲ್ಲವೂ ಮುಚ್ಚಿದ್ದರಿಂದ ತೊಂದರೆ ಇರಲಿಲ್ಲ. ಹೊರಗೆ ತೆಗೆದು ಬಯಲು ಬೋರ್ಡ್‌ಗೆ ಕಟ್ಟಿದರೆ ಅಪಾಯ ಶುರುವಾಗುತ್ತದೆ.

ಇದನ್ನು ಕಂಡುಹಿಡಿಯುವುದು ಹೇಗೆ? ಟೆಸ್ಟರ್ ಹಚ್ಚಿ ನೋಡುವುದು ನಮ್ಮ ಅಭ್ಯಾಸ. ಈ ಕೆಲಸಕ್ಕೆ ಅದನ್ನು ನಂಬಬೇಡಿ. ಐಸೊಲೇಟೆಡ್ ಡ್ರೈವರ್‌ನಲ್ಲೂ ಒಳಗಿನ ಸಣ್ಣ ಕೆಪಾಸಿಟರ್‌ನಿಂದ ಟೆಸ್ಟರ್ ಮಂಕಾಗಿ ಹೊಳೆಯಬಹುದು. ಮಲ್ಟಿಮೀಟರ್ ತೆಗೆದುಕೊಳ್ಳಿ. ಪ್ಲಗ್ ಪೂರ್ತಿ ಕಿತ್ತು ಹತ್ತು ನಿಮಿಷ ಬಿಡಿ. ಔಟ್‌ಪುಟ್‌ನಲ್ಲಿ ವೋಲ್ಟೇಜ್ ಸೊನ್ನೆಗೆ ಬಂದಿದೆಯಾ ನೋಡಿ. ಆಮೇಲೆ ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಒಂದು ಕಡ್ಡಿ ಇನ್‌ಪುಟ್‌ನ ಫೇಸ್ ತಂತಿಗೆ, ಇನ್ನೊಂದು ಔಟ್‌ಪುಟ್‌ನ ಪ್ಲಸ್‌ಗೆ, ನಂತರ ಮೈನಸ್‌ಗೆ. ಕಡ್ಡಿಗಳನ್ನು ಅದಲುಬದಲು ಮಾಡಿ. ನ್ಯೂಟ್ರಲ್‌ಗೂ ಹಾಗೇ ಮಾಡಿ. ಎಲ್ಲಾದರೂ ಅರ್ಧ ವೋಲ್ಟಿನ ಆಸುಪಾಸಿನ ಅಂಕಿ ಬಂದರೆ ಅಥವಾ ಬೀಪ್ ಎಂದರೆ ಅದು ಐಸೊಲೇಟೆಡ್ ಅಲ್ಲ. ಆದರೆ ಅಂಕಿ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಸುರಕ್ಷಿತ ಎಂದುಕೊಳ್ಳಬೇಡಿ. ಲೇಬಲ್, ತಯಾರಕರ ಮಾಹಿತಿ ಪತ್ರ ಎರಡೂ ಅದನ್ನೇ ಹೇಳಬೇಕು.

ಲೇಬಲ್‌ನಲ್ಲಿ ಇನ್ನೂ ಕೆಲವು ಸುಳಿವುಗಳಿವೆ. ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅರ್ಥಿಂಗ್ ಬೇಡದ ಎರಡು ಪದರದ ಇನ್ಸುಲೇಶನ್ ಎಂದರ್ಥ. ಔಟ್‌ಪುಟ್ ಮುಟ್ಟಬಹುದು ಎಂಬ ಭರವಸೆ ಅದರಲ್ಲಿಲ್ಲ. ಎಸ್‌ಇಎಲ್‌ವಿ ಎಂದು ಬರೆದಿದ್ದರೆ ಒಳ್ಳೆಯದು: ಔಟ್‌ಪುಟ್ ಐಸೊಲೇಟೆಡ್, ವೋಲ್ಟೇಜ್ ಕೂಡ ಕಡಿಮೆ. ನಮ್ಮ ದೇಶದಲ್ಲಿ ಎಲ್‌ಇಡಿ ಡ್ರೈವರ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಐಎಸ್ 15885 ಎಂಬ ಮಾನಕದ ಸಂಖ್ಯೆ, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಎರಡೂ ಮೈಮೇಲೆ ಇರಬೇಕು. ಏನೂ ಬರೆಯದ ಬೋಳು ಡಬ್ಬಿಯಾದರೆ ಅದರ ಮೇಲೆ ಭರವಸೆ ಇಡಲು ಕಾರಣವೇ ಇಲ್ಲ.

ಇನ್ನೊಂದು ಗಡಿ 60 ವೋಲ್ಟ್ ಡಿಸಿ. ಐಸೊಲೇಟೆಡ್ ಆಗಿದ್ದರೂ ಔಟ್‌ಪುಟ್ ಇದಕ್ಕಿಂತ ಜಾಸ್ತಿ ಇದ್ದರೆ ಮೇನ್ಸ್‌ನಷ್ಟೇ ಎಚ್ಚರ ಬೇಕು. 59–119 ವೋಲ್ಟಿನ ನನ್ನ ದೊಡ್ಡ ಡ್ರೈವರ್ ಈ ಗುಂಪಿನದು. ಲೋಡ್ ಇಲ್ಲದೆ ಆನ್ ಮಾಡಿದರೆ ಅದು ನೇರ ಮೇಲಿನ ಮಿತಿಗೆ ಏರಿ ಕೂರುತ್ತದೆ.

ಯಾವ ಕೆಲಸ, ಯಾವುದಕ್ಕೆ

ಮೊದಲ ಆಯ್ಕೆ ಎಲ್ಲರಿಗೂ ಸಪ್ಪೆ ಅನ್ನಿಸುತ್ತದೆ: ಅದೇ ಥರದ ಗ್ರೋ ಲೈಟ್ ಇನ್ನೂ ಬಳಕೆಯಲ್ಲಿದ್ದರೆ, ಡ್ರೈವರನ್ನು ಅದರ ಬದಲಿಯಾಗಿ ಎತ್ತಿಡುವುದು. ನಾನು ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಎಲ್‌ಇಡಿ ದೀಪದಲ್ಲಿ ಬಹುಪಾಲು ಮೊದಲು ಕೆಡುವುದು ಚಿಪ್ ಅಲ್ಲ, ಡ್ರೈವರ್. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಿಸಿಗೆ ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಈ ಕೆಲಸದವರಿಗೆಲ್ಲ ಗೊತ್ತು. ಕರೆಂಟ್ ಅಂಕಿ ಅದೇ ಇದ್ದು, ನಿಮ್ಮ ಬೋರ್ಡ್‌ನ ವೋಲ್ಟೇಜ್ ಡ್ರೈವರ್‌ನ ಎರಡು ಅಂಕಿಗಳ ನಡುವೆ ಬಂದರೆ ಸಾಕು. ಐಸೊಲೇಟೆಡ್ ಅಲ್ಲದ ಡ್ರೈವರ್‌ಗೂ ನಾನು ಒಪ್ಪುವ ಕೆಲಸ ಇದೊಂದೇ. ಅದೂ ಅದೇ ಮಾದರಿಯ, ಪೂರ್ತಿ ಮುಚ್ಚಿದ ಪ್ಯಾನಲ್‌ನ ಒಳಗೆ ಮಾತ್ರ.

ಎರಡನೆಯದು, ಹೊಸದೊಂದು ಬಿಳಿ ದೀಪ ಮಾಡಿಕೊಳ್ಳುವುದು. ಸಿಸಿ ಡ್ರೈವರ್‌ಗೆ ಇದು ಹೇಳಿ ಮಾಡಿಸಿದ ಕೆಲಸ. ಹಳೆಯ ನೇರಳೆ ಬೋರ್ಡನ್ನು ಮಾತ್ರ ಬಿಟ್ಟುಬಿಡಿ. ಕೆಂಪು ಮತ್ತು ನೀಲಿ ಬೆಳಕು ಗಿಡಕ್ಕೆ ಚೆಂದ. ಅದರ ಕೆಳಗೆ ಕೂತು ತಂತಿಯ ಬಣ್ಣ ಗುರುತಿಸಲು ಆಗುವುದಿಲ್ಲ, ಕಣ್ಣಿಗೂ ಹಿಂಸೆ.

ನನ್ನ ದೊಡ್ಡ ಡ್ರೈವರ್ ಎಚ್‌ಎಲ್‌ಜಿ-240ಎಚ್-ಸಿ2100, ಬಿ ಮಾದರಿ. ಅಪ್ಪನ ಮರಗೆಲಸದ ಕೊಠಡಿಗೆ ಇದರಿಂದ ದೀಪ ಮಾಡಿದೆವು. ಲೆಕ್ಕ ಹೀಗಿತ್ತು. 36 ವೋಲ್ಟಿನ ಸಿಒಬಿ ಎಲ್‌ಇಡಿ (ಒಂದೇ ತಟ್ಟೆಯ ಮೇಲೆ ಹಲವು ಚಿಪ್ ಕೂಡಿಸಿದ್ದು) ಒಂದೇ ಹಾಕಿದರೆ 36 ವೋಲ್ಟ್. ಡ್ರೈವರ್‌ಗೆ ಕನಿಷ್ಠ 59 ಬೇಕು, ಆದ್ದರಿಂದ ಸಾಲದು. ಕನಿಷ್ಠಕ್ಕಿಂತ ಕಡಿಮೆ ಲೋಡ್ ಕೊಟ್ಟರೆ ಡ್ರೈವರ್ ಮಿನುಗುತ್ತಾ ಕೂರಬಹುದು. ಎರಡನ್ನು ಸಾಲಾಗಿ ಸೇರಿಸಿದರೆ 72, ಮೂರಾದರೆ 108. ಎರಡೂ ಸರಿಹೋಗುತ್ತವೆ. ನಾಲ್ಕಾದರೆ 144, ಮಿತಿ ಮೀರಿತು. ನಾವು ಎರಡು ಹಾಕಿದೆವು. ಪೂರ್ತಿ ಕರೆಂಟಿನಲ್ಲಿ ಒಂದೊಂದಕ್ಕೂ ಸುಮಾರು 75 ವ್ಯಾಟ್. ಅಷ್ಟು ಬಿಸಿಯನ್ನು ಹೊರಹಾಕಲು ಕೈಗೆ ಸಿಕ್ಕ ಅಲ್ಯೂಮಿನಿಯಂ ತಗಡು ಸಾಕಾಗುವುದಿಲ್ಲ, ರೆಕ್ಕೆಗಳಿರುವ ದಪ್ಪ ಹೀಟ್ ಸಿಂಕ್ ಬೇಕು. ಸಿಒಬಿ ತಾಳುವ ಗರಿಷ್ಠ ಕರೆಂಟ್ 2100ಕ್ಕಿಂತ ಹೆಚ್ಚಿದೆಯಾ ಎಂದೂ ಅದರ ಮಾಹಿತಿ ಪತ್ರದಲ್ಲಿ ನೋಡಿಕೊಳ್ಳಬೇಕು. ಡಿಮ್ಮರ್ ತಂತಿಗಳ ನಡುವೆ 100 ಕಿಲೋ ಓಮ್‌ನ ತಿರುಗು ರೆಸಿಸ್ಟರ್ ಹಾಕಿ ಬೆಳಕನ್ನು ಅರ್ಧಕ್ಕೆ ಇಳಿಸಿದೆವು. ಅಷ್ಟಕ್ಕೇ ನಾಲ್ಕೈದು ಎಲ್‌ಇಡಿ ಟ್ಯೂಬ್‌ಲೈಟಿನ ಬೆಳಕು ಬಂತು. ಅಪ್ಪ ಈಗ ರಾತ್ರಿಯೂ ಉಳಿ ಹಿಡಿಯುತ್ತಾರೆ.

ಇಲ್ಲಿ ತುಂಬ ಜನ ಮಾಡುವ ತಪ್ಪೊಂದಿದೆ. 2100 ಮಿಲಿಆಂಪಿಯರ್ ಜಾಸ್ತಿಯಾಯಿತು ಎಂದು ಮೂರು ಸಾಲುಗಳನ್ನು ಅಕ್ಕಪಕ್ಕ ಪ್ಯಾರಲಲ್ ಆಗಿ ಜೋಡಿಸುತ್ತಾರೆ. ಲೆಕ್ಕದ ಪ್ರಕಾರ ತಲಾ 700. ಆದರೆ ಒಂದು ಸಾಲಿನ ಬೆಸುಗೆ ಬಿಟ್ಟರೆ ಉಳಿದೆರಡಕ್ಕೆ ತಲಾ 1050 ನುಗ್ಗುತ್ತದೆ. ಅದರಲ್ಲೊಂದು ಸುಟ್ಟರೆ ಕೊನೆಯದಕ್ಕೆ ಇಡೀ 2100. ಹಾಗಾಗಿ ಸರಣಿಯಲ್ಲೇ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿ. ಪ್ಯಾರಲಲ್ ಮಾಡಲೇಬೇಕಾದರೆ ಪ್ರತಿ ಸಾಲಿಗೂ ಬೇರೆ ಫ್ಯೂಸ್ ಹಾಕಿ, ಪೂರ್ತಿ ಕರೆಂಟನ್ನು ತುಂಬ ಕೆಳಗಿಳಿಸಿ.

24 ವೋಲ್ಟಿನ ಸಿವಿ ಡ್ರೈವರ್‌ಗೆ ಸ್ಟ್ರಿಪ್ ಲೈಟೇ ಒಳ್ಳೆಯ ಜೋಡಿ. ಮೀಟರ್‌ಗೆ 14.4 ವ್ಯಾಟಿನ ಸ್ಟ್ರಿಪ್ 5 ಮೀಟರ್ ಹಾಕಿದರೆ 72 ವ್ಯಾಟ್, ಅಂದರೆ 3 ಆಂಪಿಯರ್. 96 ವ್ಯಾಟಿನ ಡ್ರೈವರ್‌ಗೆ ಇದು ಮುಕ್ಕಾಲು ಹೊರೆ. ಅಷ್ಟಕ್ಕೇ ನಿಲ್ಲಿಸಿ. ತುದಿಯಲ್ಲಿ ಬೆಳಕು ಮಂಕಾದರೆ ಎರಡೂ ತುದಿಯಿಂದ ತಂತಿ ಕೊಡಿ. ನಮ್ಮ ಅಡುಗೆಕಟ್ಟೆಯ ಮೇಲೆ ಈಗ ಹಾಗೇ ಉರಿಯುತ್ತಿದೆ. ಮೀನಿನ ತೊಟ್ಟಿಗೂ ಇದೇ ಸೂಕ್ತ, ಐಸೊಲೇಟೆಡ್ ಮತ್ತು 60 ವೋಲ್ಟ್‌ನೊಳಗೆ ಇದೆ ಎಂಬ ಕಾರಣಕ್ಕೆ. ಆಗಲೂ ಡ್ರೈವರ್ ತೊಟ್ಟಿಯ ಮೇಲೆ ಬೇಡ, ಪಕ್ಕದಲ್ಲಿರಲಿ. ತಂತಿ ಒಮ್ಮೆ ಕೆಳಗಿಳಿದು ಆಮೇಲೆ ಡ್ರೈವರ್ ಕಡೆಗೆ ಏರಬೇಕು. ಆಗ ತಂತಿಗುಂಟ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

24 ವೋಲ್ಟಿನ ಸಣ್ಣ ಫ್ಯಾನ್‌ಗೂ ಈ ಡ್ರೈವರ್ ಆಗುತ್ತದೆ. ವೈಫೈ ರೂಟರ್, ಕ್ಯಾಮೆರಾಗಳಿಗೆ ಅವುಗಳ ಅಡಾಪ್ಟರೇ ಇರಲಿ. ಅಷ್ಟು ಸಣ್ಣ ಉಳಿತಾಯಕ್ಕೆ ನಡುವೆ ಇನ್ನೊಂದು ಕನ್ವರ್ಟರ್ ಇಟ್ಟು ಗೋಜಲು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೊಟ್ಟಿಗೆಯ ವಿಷಯಕ್ಕೆ ಬಂದರೆ ನಾನು ತುಂಬ ಕಟ್ಟುನಿಟ್ಟು. ದನ ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಸೋರಿದರೂ ಅದಕ್ಕೆ ತಗಲುತ್ತದೆ. ಅಲ್ಲಿಗೆ 24 ವೋಲ್ಟಿನ ಐಸೊಲೇಟೆಡ್ ಡ್ರೈವರ್, ದೂಳು, ನೀರು ಒಳಹೋಗದ ಐಪಿ65 ಅಥವಾ ಐಪಿ67 ಗುರುತಿನದು, ಕೈಗೂ ಕೊಂಬಿಗೂ ಎಟುಕದ ಎತ್ತರದಲ್ಲಿ. ಅದಿಲ್ಲವಾದರೆ ಅಂಗಡಿಯ ಸಾದಾ ಬಲ್ಬೇ ವಾಸಿ.

ದೊಡ್ಡಬಳ್ಳಾಪುರದ ಕಡೆಯ ಗೆಳೆಯನೊಬ್ಬ ತನ್ನ ಸೇವಂತಿಗೆ ಹೊಲಕ್ಕೆ ಈ ದೊಡ್ಡ ಡ್ರೈವರ್ ಕೇಳಿದ್ದ. ಆ ಕಡೆ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಬಲ್ಬುಗಳ ಸಾಲು ಕಾಣುತ್ತದಲ್ವಾ, ಅದೇ ಕೆಲಸಕ್ಕೆ. ಸೇವಂತಿಗೆ ಮೊಗ್ಗು ಹಿಡಿಯಲು ಉದ್ದನೆಯ ಕತ್ತಲು ಬೇಕು. ರಾತ್ರಿಯ ನಡುವೆ ಸ್ವಲ್ಪ ಬೆಳಕು ಬಿದ್ದರೂ ಗಿಡ ಮೊಗ್ಗು ಬಿಡುವುದನ್ನು ಮುಂದೂಡಿ ಉದ್ದ ಬೆಳೆಯುತ್ತದೆ. ಅಂದರೆ ಅಲ್ಲಿ ಬೇಕಾಗಿರುವುದು ಹೊಲದ ತುಂಬ ಹರಡಿದ ಮಂದ ಬೆಳಕು, ಒಂದೇ ಕಡೆ ಸುರಿಯುವ 150 ವ್ಯಾಟ್ ಅಲ್ಲ. ಜೊತೆಗೆ ನೂರು ವೋಲ್ಟಿನ ಡಿಸಿ ತಂತಿಯನ್ನು ಹಸಿ ಮಣ್ಣಿನಲ್ಲಿ ಎಳೆಯುವುದು ಅಪಾಯ. ಅವನಿಗೆ ಕೊಡಲಿಲ್ಲ. ಸಣ್ಣ ಎಲ್‌ಇಡಿ ಬಲ್ಬುಗಳೇ ಅವನಿಗೆ ಸರಿ ಎಂದು ಒಪ್ಪಿಸಿದೆ.

ಬ್ಯಾಟರಿ ಚಾರ್ಜ್ ಮಾಡಲು ಮಾತ್ರ ಯಾವ ಡ್ರೈವರೂ ಬೇಡ. ಎಲ್ಲರೂ ಮೊದಲು ಕೇಳುವುದು ಇದನ್ನೇ, ಹಾಗಾಗಿ ಕಾರಣವನ್ನೂ ಹೇಳುತ್ತೇನೆ. ಚಾರ್ಜರ್‌ನ ಕೆಲಸ ಕರೆಂಟ್ ಕೊಡುವುದಷ್ಟೇ ಅಲ್ಲ, ತುಂಬಿದ ಮೇಲೆ ನಿಲ್ಲಿಸುವುದು. ಇನ್ವರ್ಟರ್‌ನ 12 ವೋಲ್ಟ್ ಬ್ಯಾಟರಿ 14.4ರ ಹತ್ತಿರ ಬಂದಾಗ ಚಾರ್ಜರ್ ಕೈ ಬಿಗಿಹಿಡಿದು 13.8ರ ಆಸುಪಾಸಿಗೆ ಇಳಿಯಬೇಕು. ಸಿಸಿ ಡ್ರೈವರ್‌ಗೆ ಆ ಬುದ್ಧಿ ಇಲ್ಲ, ಒತ್ತುತ್ತಲೇ ಇರುತ್ತದೆ. ಬ್ಯಾಟರಿಯೊಳಗಿನ ನೀರು ಒಡೆದು ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಸಾಕು. ಲಿಥಿಯಂ ಕೋಶಗಳಲ್ಲಿ ಬಹುತೇಕಕ್ಕೆ 4.2 ವೋಲ್ಟ್ ಮೇಲಿನ ಗಡಿ. ಅದನ್ನು ದಾಟಿದರೆ ಬೆಂಕಿ. ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸಿದ ಸಿವಿ ಡ್ರೈವರ್ ಆದರೂ, ಕರೆಂಟ್ ಹೋದಾಗ ಬ್ಯಾಟರಿಯೇ ತಿರುಗಿ ಡ್ರೈವರ್‌ನೊಳಕ್ಕೆ ಹರಿಯುತ್ತದೆ. ಮನೆಯಲ್ಲಿ ಮಕ್ಕಳು ಮಲಗಿರುವಾಗ ಈ ಪ್ರಯೋಗ ಬೇಡ. ದಯವಿಟ್ಟು.

ಪ್ರಯೋಗದ ಮೇಜಿಗೆ ಪವರ್ ಸಪ್ಲೈ ಮಾಡಿಕೊಳ್ಳುವ ಆಸೆ ಕಲಿಯುವ ಹುಡುಗರಿಗೆ ಇರುತ್ತದೆ. ‘ಎ’ ಮಾದರಿಯ ಸ್ಕ್ರೂ ವೋಲ್ಟೇಜನ್ನು ಸ್ವಲ್ಪವೇ ಆಚೀಚೆ ಮಾಡುತ್ತದೆ, ಸೊನ್ನೆಯಿಂದ ಏರಿಸಲು ಆಗುವುದಿಲ್ಲ. ಅದಕ್ಕೆಂದೇ ಮಾಡಿದ್ದನ್ನು ಕೊಳ್ಳುವುದು ಮೇಲು.

ಕಟ್ಟುವಾಗ

ಲೋಹದ ಮೈಯ ಡ್ರೈವರ್‌ಗೆ ಹಸಿರು-ಹಳದಿ ತಂತಿ ಇದ್ದರೆ ಅದು ಅರ್ಥಿಂಗ್‌ಗೆ ಹೋಗಲೇಬೇಕು. ಎರಡು ಪಿನ್ನಿನ ಪ್ಲಗ್‌ಗೆ ಸಿಕ್ಕಿಸಿ ಹಸಿರನ್ನು ಕತ್ತರಿಸಿಬಿಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅರವತ್ತು ವೋಲ್ಟ್ ಮೀರಿದ ಔಟ್‌ಪುಟ್ ಆದರೆ ಹೀಟ್ ಸಿಂಕ್‌ಗೂ ಅರ್ಥಿಂಗ್ ಕೊಡಿ, ಸಿಒಬಿಯ ಬೆಸುಗೆಗಳನ್ನು ಮುಚ್ಚಿ. ಮನೆಯ ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರಲಿ. ಆದರೆ ಐಸೊಲೇಟೆಡ್ ಡ್ರೈವರ್‌ನ ಔಟ್‌ಪುಟ್ ಕಡೆ ಶಾಕ್ ಹೊಡೆದರೆ ಅದು ನಿಮ್ಮನ್ನು ಕಾಯುವುದಿಲ್ಲ, ನೆನಪಿರಲಿ.

ಸ್ವಿಚ್ ಗೋಡೆಯ ಕಡೆಯೇ ಇರಲಿ. ಡಿಸಿ ಕಡೆ ಮನೆಯ ಸಾದಾ ಸ್ವಿಚ್ ಹಾಕಿದರೆ ಆರಿಸುವಾಗ ಕಿಡಿ ಎಳೆದುಕೊಂಡು ಹೋಗಿ ಒಳಗೆಲ್ಲ ಸುಡುತ್ತದೆ. ಎಲ್‌ಇಡಿಯನ್ನು ಮೊದಲು ಜೋಡಿಸಿ, ಆಮೇಲೆ ಆನ್ ಮಾಡಿ. ಉರಿಯುತ್ತಿರುವ ಸಿಸಿ ಡ್ರೈವರ್‌ಗೆ ಎಲ್‌ಇಡಿ ಸಿಕ್ಕಿಸಿದರೆ, ಮೇಲಿನ ಮಿತಿಯಲ್ಲಿ ತುಂಬಿ ನಿಂತ ಕೆಪಾಸಿಟರ್ ಒಂದೇ ಏಟಿಗೆ ಅದರ ಮೇಲೆ ಸುರಿಯುತ್ತದೆ. ಎರಡು ಡ್ರೈವರ್‌ಗಳ ಔಟ್‌ಪುಟ್ ಒಂದಕ್ಕೊಂದು ಸೇರಿಸಬೇಡಿ. ಡಿಮ್ಮರ್‌ನ ಮೈನಸ್ ತಂತಿಯನ್ನು ಎಲ್‌ಇಡಿಯ ಮೈನಸ್‌ಗೆ ಸೇರಿಸಬೇಡಿ. ಡಿಮ್ಮರ್ ಬೇಡವಾದರೆ ಆ ಎರಡು ತಂತಿಗಳ ತುದಿಯನ್ನು ಬೇರೆಬೇರೆಯಾಗಿ ಟೇಪ್ ಸುತ್ತಿ ಬಿಡಿ, ಪೂರ್ತಿ ಬೆಳಕು ಬರುತ್ತದೆ.

ದೊಡ್ಡ ಡ್ರೈವರ್ ಆನ್ ಆಗುವ ಕ್ಷಣದಲ್ಲಿ 75 ಆಂಪಿಯರ್‌ವರೆಗೂ ಎಳೆಯಬಹುದು, ಸೆಕೆಂಡಿನ ತೀರಾ ಸಣ್ಣ ಭಾಗದಷ್ಟು ಹೊತ್ತು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ಸುಮ್ಮಸುಮ್ಮನೆ ಬಿದ್ದರೆ ಅದೇ ಕಾರಣ ಇರಬಹುದು. ಆಂಪಿಯರ್ ಏರಿಸುವ ಬದಲು ಅದೇ ಆಂಪಿಯರ್‌ನ, ಇಂಥ ಕ್ಷಣದ ಏರಿಕೆಯನ್ನು ಹೆಚ್ಚು ತಾಳುವ ಸಿ ವರ್ಗದ ಎಂಸಿಬಿ ಹಾಕಿಸಿ, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ. ಹಳ್ಳಿಯ ಏರಿಳಿತದ ವೋಲ್ಟೇಜಿಗೆ ಈ ಡ್ರೈವರ್‌ಗಳು ಒಳ್ಳೆಯ ಜೊತೆ. ಎಚ್‌ಎಲ್‌ಜಿ-240ಎಚ್‌ಗೆ 90ರಿಂದ 305 ವೋಲ್ಟ್‌ವರೆಗೂ ನಡೆಯುತ್ತದೆ. ಸಿಡಿಲಿಗೆ ಮಾತ್ರ ಯಾವುದೂ ತಡೆಯುವುದಿಲ್ಲ. ಮಲೆನಾಡಿನವರು ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವ ಹಳೆಯ ಅಭ್ಯಾಸ ಬಿಡಬೇಡಿ. ಡ್ರೈವರನ್ನು ಪೆಟ್ಟಿಗೆಯೊಳಗೆ ಇಡುವುದಾದರೆ ಗಾಳಿಯಾಡುವ ತೂತಿಗೆ ಸಣ್ಣ ಜಾಲರಿ ಹಾಕಿ. ಬೆಚ್ಚಗಿನ ಜಾಗ ಅಂದರೆ ಹಲ್ಲಿಗೂ ಇರುವೆಗೂ ಪ್ರೀತಿ.

ಎಲ್ಲ ಕಟ್ಟಿದ ಮೇಲೆ ಒಂದೆರಡು ಗಂಟೆ ಎದುರಲ್ಲೇ ಕೂತು ನೋಡಿ. ಆರಿಸಿ, ಪ್ಲಗ್ ಕಿತ್ತು, ಡ್ರೈವರ್‌ನ ಮೈ ಮುಟ್ಟಿ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಹೊರೆ ಇಳಿಸಿ, ಇಲ್ಲವೇ ಜಾಗ ಬದಲಿಸಿ. ಗುಂಯ್‌ಗುಟ್ಟುವುದು, ಮಿನುಗು, ಸುಟ್ಟ ವಾಸನೆ ಇವುಗಳಲ್ಲಿ ಒಂದಿದ್ದರೂ ಅದು ಅವತ್ತೇ ಕೆಳಗಿಳಿಯಬೇಕು.

ನನ್ನ ಡಬ್ಬಿಯ ಉಳಿದ ಮೂರರ ಕತೆ: ಎರಡು ಪ್ಲಾಸ್ಟಿಕ್ ಮೈಯವು, 600 ಮಿಲಿಆಂಪಿಯರ್, ಮೀಟರ್ ಹಚ್ಚಿದಾಗ ಐಸೊಲೇಟೆಡ್ ಅಲ್ಲ ಎಂದು ಗೊತ್ತಾಯಿತು. ಅದರಲ್ಲೊಂದು ಅದೇ ಮಾದರಿಯ ಪ್ಯಾನಲ್ ಬಳಸುತ್ತಿರುವ ಪರಿಚಯದವರಿಗೆ ಹೋಯಿತು, ಮೇಲೆ ಕೆಂಪು ಶಾಯಿಯಲ್ಲಿ ‘ಪ್ಯಾನಲ್ ಒಳಗೆ ಮಾತ್ರ’ ಎಂದು ಬರೆದು ಕೊಟ್ಟೆ. ಇನ್ನೊಂದರ ಪ್ಯಾನಲ್ ಎಲ್ಲೂ ಇರಲಿಲ್ಲ. ಐದನೆಯದಕ್ಕೆ ಲೇಬಲ್ಲೇ ಇಲ್ಲ, ಒಳಗಿನ ಕೆಪಾಸಿಟರ್‌ನ ತಲೆ ಉಬ್ಬಿತ್ತು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವು ಕಸದ ಗಾಡಿಗೆ ಹೋಗುವ ವಸ್ತುಗಳಲ್ಲ. ಯಾರೋ ಹೆಕ್ಕಿ ಮತ್ತೆ ಪ್ಲಗ್‌ಗೆ ಸಿಕ್ಕಿಸಬಾರದು ಎಂದು ಎರಡರ ತಂತಿಗಳನ್ನೂ ಬುಡದಲ್ಲೇ ಕತ್ತರಿಸಿ, ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಟ್ಟು ಬಂದೆ.